ಸವೆದ ಬಾಣದ ಕೀಲಿ

"ಈ ಲ್ಯಾಪ್‌ಟಾಪಲ್ಲಿ ಸವೆದಿರೋದು ಒಂದೇ ಒಂದು ಕೀ. ನೋಡಿ ಡಾಕ್ಟ್ರೇ," ಎಂದಳು ದ್ರಾಕ್ಷಾಯಿಣಿ.

ಡಾಕ್ಟರ್ ಲೀಲಾವತಿ ಬಗ್ಗಿ ನೋಡಿದಳು. ಹದಿಮೂರು ವರ್ಷದ ಹಿಂದಿನ, ಮಣೆಯಷ್ಟು ದಪ್ಪದ ಯಂತ್ರ. ಆವತ್ತು ಬೆಳಿಗ್ಗೆ ತಾನೇ ಇಸ್ತ್ರಿಗೆ ಕಾದಿದ್ದ ಬಟ್ಟೆಗಳ ಅಡಿಯಲ್ಲಿ ಸಿಕ್ಕಿತ್ತು. ಅಕ್ಷರದ ಕೀಲಿಗಳೆಲ್ಲ ಹೊಸದರ ಹಾಗೆ ಕಪ್ಪಗಿದ್ದವು. ಬಲಗಡೆಯ ಮೂಲೆಯಲ್ಲಿ ಮೇಲ್ಮುಖ ಬಾಣದ ಕೀಲಿ ಮಾತ್ರ ಬೋಳಾಗಿ, ಬಾಣದ ಗುರುತೇ ಅಳಿಸಿಹೋಗಿತ್ತು.

"ಶ್ರೀನಿಧಿ ಗೇಮ್ ಆಡಿರ್ಬೇಕು."

"ಗೇಮ್ ಆಡೋರು ನಾಲ್ಕೂ ಬಾಣ ಸವೆಸ್ತಾರೆ. ಇಲ್ಲಿ ಒಂದೇ ಸವೆದೈತೆ."

"ನಾಟ್ ಮಿ, ಅಮ್ಮಾ," ಎಂದಳು ಹನ್ನೆರಡರ ಶ್ರೀನಿಧಿ, ಅಪ್ಪನ ಗಾಲಿಕುರ್ಚಿಯ ಪಕ್ಕದಿಂದ. ಐರ್ಲೆಂಡಿನ ಲಿಮೆರಿಕ್‌ನಲ್ಲೇ ಹುಟ್ಟಿ ಬೆಳೆದ ಹುಡುಗಿ. ಅಮ್ಮ ಕನ್ನಡದಲ್ಲಿ ಕೇಳಿದರೆ ಐರಿಶ್ ರಾಗದ ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ಅವಳ ರೂಢಿ.

ಗಾಲಿಕುರ್ಚಿಯಲ್ಲಿ ಲೀಲಾವತಿಯ ಗಂಡ, ಅವಳ ಹಾಗೇ ಡಾಕ್ಟರಾದ ಹೇಮಚಂದ್ರ ಕೂತಿದ್ದ. ಏಳು ವಾರದ ಹಿಂದೆ ಪಾರ್ಶ್ವವಾಯು ಅವನ ಬಲಗೈಯನ್ನೂ ಮಾತನ್ನೂ ಒಟ್ಟಿಗೇ ಕಸಿದುಕೊಂಡಿತ್ತು. ಬೇರೆಯವರು ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತಿತ್ತು. ತನ್ನದನ್ನು ಹೇಳಲು ಮಾತ್ರ ಒಂದು ಪದವೂ ಹೊರಡುತ್ತಿರಲಿಲ್ಲ. ಊರ ಹೊರಗಿನ ಈ ಪುನಶ್ಚೇತನ ಆಸ್ಪತ್ರೆಯ ಸಂದರ್ಶಕರ ಕೋಣೆಯಲ್ಲಿ ಅವನು ದಿನವಿಡೀ ಕಿಟಕಿಯಾಚೆ ಕಾರುಗಳ ಸಾಲನ್ನೇ ನೋಡುತ್ತಿದ್ದ.

ಅವನ ಮೇಲೆ ಬಂದಿದ್ದ ಆರೋಪ ಸಣ್ಣದಲ್ಲ.

ಹೇಮಚಂದ್ರ ವೃದ್ಧರ ವೈದ್ಯ. ನಾಲ್ಕು ವರ್ಷದ ಹಿಂದೆ, ಬಿದ್ದು ಪೆಟ್ಟುಮಾಡಿಕೊಂಡ ಅರವತ್ತನಾಲ್ಕು ಜನ ಹಿರಿಯರನ್ನು ಸೇರಿಸಿ ಒಂದು ಅಧ್ಯಯನ ಶುರು ಮಾಡಿದ್ದ. ಅರ್ಧ ಜನರ ಮನೆಗೆ ವಾರಕ್ಕೆರಡು ಸಲ ವ್ಯಾಯಾಮ ಕಲಿಸುವವರ ಭೇಟಿ. ಉಳಿದರ್ಧಕ್ಕೆ ಒಂದು ಕರಪತ್ರ, ಅಷ್ಟೆ. ಯಾರಿಗೆ ಯಾವುದು ಎಂದು ಮನುಷ್ಯ ತೀರ್ಮಾನಿಸಬಾರದು. ಅದು ನಿಯಮ. ಅದಕ್ಕಾಗಿ ಅವನೇ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಪುಟ್ಟ ಸ್ಕ್ರಿಪ್ಟ್ ಬರೆದು, ಹೆಸರುಗಳನ್ನು ಚೀಟಿ ಎತ್ತಿದ ಹಾಗೆ ಹಂಚಿದ್ದ.

ಹಂಚಿದ್ದು ಸ್ಕ್ರಿಪ್ಟ್ ಅಲ್ಲ, ಡಾಕ್ಟರೇ ತನಗೆ ಬೇಕಾದವರಿಗೆ ಬೇಕಾದದ್ದು ಕೊಟ್ಟಿದ್ದಾನೆ ಎನ್ನುವುದು ಈಗಿನ ದೂರು. ಎಷ್ಟು ಸಲ ಓಡಿಸಿದರೂ ಒಂದೇ ಪಟ್ಟಿ ಕೊಡಬೇಕಾದ ಆ ಸ್ಕ್ರಿಪ್ಟನ್ನು ಮತ್ತೆ ಓಡಿಸಿದರೆ ಅರವತ್ತನಾಲ್ಕರಲ್ಲಿ ಮೂವತ್ತು ಹೆಸರು ಹಳೆಯ ಪಟ್ಟಿಗೆ ಹೊಂದುತ್ತಿರಲಿಲ್ಲ. ಆವತ್ತು ಮಧ್ಯಾಹ್ನ ಮೂರಕ್ಕೆ ವಿಶ್ವವಿದ್ಯಾಲಯದ ಸಮಿತಿ ತೀರ್ಪು ಕೊಡುವುದಿತ್ತು. ಮೋಸಗಾರ ಅನ್ನಿಸಿಕೊಂಡರೆ ಕೆಲಸ ಹೋಗುತ್ತದೆ, ನಿಜ. ಲೀಲಾವತಿಯನ್ನು ಕಾಡುತ್ತಿದ್ದದ್ದು ಅದಲ್ಲ. ಜೀವನವಿಡೀ ನೇರವಾಗಿ ನಡೆದವನು, "ನಾನಲ್ಲ" ಎಂದು ಒಂದು ಮಾತು ಹೇಳಲೂ ಆಗದೆ ಈ ಕುರ್ಚಿಯಲ್ಲಿ ಕೂತಿರಬೇಕಲ್ಲ ಎನ್ನುವುದು.

ಅದಕ್ಕೇ ಅವಳು ದ್ರಾಕ್ಷಾಯಿಣಿಗೆ ಫೋನ್ ಮಾಡಿದ್ದು. ದ್ರಾಕ್ಷಾಯಿಣಿ ಬೆಂಗಳೂರಿನ ಒಂದು ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಹದಿನಾರು ವರ್ಷ ಕಳ್ಳಕಾಕರ ಕಂಪ್ಯೂಟರುಗಳ ಹೊಟ್ಟೆ ಬಗೆದು ನೋಡಿದವಳು. ಈಗ ಆಡಮ್ಸ್‌ಟೌನ್‌ನ ತನ್ನ ಅಡುಗೆಮನೆಯನ್ನೇ ಕಚೇರಿ ಮಾಡಿಕೊಂಡು ಐರ್ಲೆಂಡಿನ ಕನ್ನಡಿಗರ ಗಂಟುಗಳನ್ನು ಬಿಡಿಸುತ್ತಾಳೆ. ಇಷ್ಟೆಲ್ಲ ಹೆಸರಿದ್ದೂ ಈ ಪ್ರಕರಣದಲ್ಲಿ ಒಂಬತ್ತು ದಿನ ಓಡಾಡಿ ಅವಳು ಸಂಪಾದಿಸಿದ್ದು ಪಾರ್ಕಿಂಗ್ ಚೀಟಿಗಳನ್ನು ಮಾತ್ರ.

"ಈ ಲ್ಯಾಪ್‌ಟಾಪಲ್ಲೇ ಆ ಪಟ್ಟಿ ತೆಗೆದದ್ದು ಅಂತ ಖಾತ್ರಿನಾ?"

"ನಮ್ಮ ಡೈನಿಂಗ್ ಟೇಬಲ್ ಮೇಲೇ," ಎಂದಳು ಲೀಲಾವತಿ. ಆ ಭಾನುವಾರ ನೆನಪಾಗಿ ಅವಳ ಮುಖ ಸ್ವಲ್ಪ ಸಡಿಲವಾಯಿತು. "ಆ ಕಪ್ಪು ಪರದೆಯಿಂದ ಪ್ರಿಂಟರ್‌ಗೆ ಹೇಗೆ ಕಳಿಸೋದು ಅಂತ ಇವರಿಗೆ ಗೊತ್ತಿರ್ಲಿಲ್ಲ. ನೀನು ಟೈಪ್ ಮಾಡು, ನಾನು ಓದ್ತೀನಿ ಅಂದ್ರು. ಇವರು ಒಂದೊಂದೇ ಹೆಸರು ಓದೋದು, ನಾನು ನನ್ನ ಕಂಪ್ಯೂಟರಲ್ಲಿ ಟೈಪ್ ಮಾಡೋದು. ಇವಳಿಗಾಗ ಎಂಟು ವರ್ಷ. ಲಕೋಟೆಗೆ ಗೋಂದು ಹಚ್ಚಿ ಹಚ್ಚಿ ಕೈಯೆಲ್ಲ ಅಂಟು ಮಾಡ್ಕೊಂಡಿದ್ಲು."

ಹೇಮಚಂದ್ರನ ಮುಖದ ಎಡಭಾಗ ಮೆಲ್ಲಗೆ ನಕ್ಕಿತು. ಬಲಭಾಗಕ್ಕೆ ಇನ್ನೂ ನಗಲು ಬರುತ್ತಿರಲಿಲ್ಲ.

ದ್ರಾಕ್ಷಾಯಿಣಿ ಲ್ಯಾಪ್‌ಟಾಪನ್ನು ಅವನ ತೊಡೆಯ ಮೇಲಿನ ಹಲಗೆಗೆ ಸರಿಸಿದಳು. ಒಡೆಯನ ಎದುರಿಗೇ ತೆರೆಯಬೇಕು, ಅದು ಅವಳ ಹಳೆಯ ಶಿಸ್ತು.

"ಡಾಕ್ಟ್ರೇ, ನಿಮ್ಮ ಟರ್ಮಿನಲ್ ತೆಗೀತಿದ್ದೀನಿ. ಬೇಡ ಅಂದ್ರೆ ತಲೆ ಆಡ್ಸಿ."

ಕಪ್ಪು ಪರದೆ ತೆರೆಯಿತು. ಬಿಳಿ ಗೆರೆಯೊಂದು ಆಜ್ಞೆಗೆ ಕಾಯುತ್ತ ಮಿನುಗಿತು. ದ್ರಾಕ್ಷಾಯಿಣಿ, ಒಂಬತ್ತು ದಿನದಿಂದ ಹತ್ತಾರು ಸಲ ಮಾಡಿದ ಹಾಗೇ, ಟೈಪ್ ಮಾಡಲು ಹೊರಟಳು:

python hanchike.py

ಮೊದಲ ಅಕ್ಷರಕ್ಕೇ ಹೇಮಚಂದ್ರನ ಎಡಗೈ ಬಂದು ಅವಳ ಕೈಯನ್ನು ಪಕ್ಕಕ್ಕೆ ತಳ್ಳಿತು.

ಆಮೇಲೆ ಆ ಕೈ ತಡವರಿಸುತ್ತ ಮೂಲೆಯ ಬೋಳು ಕೀಲಿಯನ್ನು ಹುಡುಕಿತು. ಒತ್ತಿತು. ಪರದೆಯ ಮೇಲೆ ಹಳೆಯ ಆಜ್ಞೆಯೊಂದು ತಾನಾಗಿ ಮೂಡಿತು. ಮತ್ತೆ ಒತ್ತಿತು. ಅದಕ್ಕಿಂತ ಹಳೆಯದು.

ದ್ರಾಕ್ಷಾಯಿಣಿಗೆ ತಟ್ಟನೆ ಹೊಳೆಯಿತು. ಟರ್ಮಿನಲ್‌ನಲ್ಲಿ ಮೇಲ್ಬಾಣ ಒತ್ತಿದರೆ ಹಿಂದೆ ಕೊಟ್ಟ ಆಜ್ಞೆಗಳು ಒಂದೊಂದಾಗಿ ಮರಳಿ ಬರುತ್ತವೆ. ಹೇಮಚಂದ್ರ ಎಷ್ಟೋ ವರ್ಷದಿಂದ ಆಜ್ಞೆಯನ್ನು ಪೂರ್ತಿ ಟೈಪ್ ಮಾಡಿಯೇ ಇರಲಿಲ್ಲ. ಒಮ್ಮೆ ಬರೆದದ್ದನ್ನೇ ಬಾಣ ಒತ್ತಿ ಒತ್ತಿ ಹಿಂದಕ್ಕೆ ಕರೆಯುತ್ತಿದ್ದ. ಸೋಮಾರಿತನವೆನ್ನಿ, ಜಾಣತನವೆನ್ನಿ, ಆ ಅಭ್ಯಾಸ ಮಾತು ಹೋದರೂ ಬೆರಳಿನಲ್ಲಿ ಉಳಿದಿತ್ತು.

ಏಳನೆಯ ಸಲ ಒತ್ತಿ ಬೆರಳು ನಿಂತಿತು. ಹೇಮಚಂದ್ರ ತಲೆಯೆತ್ತಿ ಅವಳನ್ನು ನೋಡಿದ.

python2.7 hanchike.py

ದ್ರಾಕ್ಷಾಯಿಣಿ ಆ ಸಾಲನ್ನು ಎರಡು ಸಲ ಓದಿದಳು. ಆಮೇಲೆ ತನ್ನ ಹಣೆಯನ್ನು ತಾನೇ ಚಚ್ಚಿಕೊಂಡಳು.

"ಹದಿನಾರು ವರ್ಷ! ಹದಿನಾರು ವರ್ಷ ಲ್ಯಾಬಲ್ಲಿ ಮಣ್ಣು ಹೊತ್ತಿದ್ದೀನಿ ನಾನು!"

"ಏನಾಯ್ತು?" ಎಂದಳು ಲೀಲಾವತಿ ಗಾಬರಿಯಿಂದ.

"ಪಟ್ಟಿ ತರೋ ಅನಿಲ್ ಎಷ್ಟೊತ್ತಿಗೆ ಬರ್ತೀನಿ ಅಂದ?"

"ಒಂದಕ್ಕೆ."

"ಬರ್ಲಿ. ಬ್ರೆಡ್ ಇದ್ರೆ ಒಂದು ತುಂಡು ಕೊಡಿ. ಈಗ ಹಸಿವಾಗ್ತಿದೆ."

ಮೇಜಿನ ಮೇಲೆ, ಚೌಕಳಿ ಬಟ್ಟೆಯಲ್ಲಿ ಸುತ್ತಿದ ಕಂದು ಬ್ರೆಡ್ ಇತ್ತು. ಪಕ್ಕದ ಮನೆಯ ಬ್ರೀಡಾ ಪ್ರತಿ ವಾರ ಹೇಮಚಂದ್ರನಿಗೆಂದು ಮಾಡಿ ಕಳಿಸುವುದು. ಶ್ರೀನಿಧಿ ಕೂಸಾಗಿದ್ದಾಗ ಅಪ್ಪ ಅಮ್ಮ ಇಬ್ಬರೂ ಡ್ಯೂಟಿಗೆ ಹೋದರೆ ಅವಳನ್ನು ಎತ್ತಿ ಆಡಿಸಿದವಳು ಬ್ರೀಡಾ. ದ್ರಾಕ್ಷಾಯಿಣಿ ದಪ್ಪನೆಯ ತುಂಡಿಗೆ ಬೆಣ್ಣೆ ಬಳಿದು, ಮೊದಲ ತುತ್ತನ್ನು ಹೇಮಚಂದ್ರನ ಎಡಗೈಗೆ ಕೊಟ್ಟಳು.

ಒಂದಕ್ಕೆ ಸರಿಯಾಗಿ ಅನಿಲ್ ಬಂದ. ಮೂವತ್ತರ ಆಸುಪಾಸಿನ ತೆಳ್ಳನೆಯ ಯುವಕ. ಎರಡು ವರ್ಷದಿಂದ ಹೇಮಚಂದ್ರನ ಅಧ್ಯಯನದ ಅಂಕಿಅಂಶ ನೋಡಿಕೊಳ್ಳುವವನು. ದೂರು ಬರೆದವನೂ ಅವನೇ. ಕೈಯಲ್ಲಿ ಒಂದು ಫೈಲು, ಅದರೊಳಗೆ ನಾಲ್ಕು ವರ್ಷದ ಹಿಂದಿನ ಮುದ್ರಿತ ಪಟ್ಟಿ. ಅವನು ಹೇಮಚಂದ್ರನ ಕಡೆ ನೋಡಲಾರದೆ ಗೋಡೆಯ ಗಡಿಯಾರದ ಕಡೆ ನೋಡಿದ.

"ಕೂತ್ಕೋ," ಎಂದಳು ದ್ರಾಕ್ಷಾಯಿಣಿ. "ಸಮಿತಿ ಮುಂದೆ ಸ್ಕ್ರಿಪ್ಟ್ ಹೇಗೆ ಓಡಿಸಿದೆ? ಅಕ್ಷರ ಅಕ್ಷರ ಹೇಳು."

"ನಿನ್ನೇನೇ ಹೇಳಿದ್ನಲ್ಲ ಅಕ್ಕಾ. ಟರ್ಮಿನಲ್ ತೆಗೆದೆ. ಪೈಥಾನ್, ಸ್ಪೇಸ್, ಹಂಚಿಕೆ ಡಾಟ್ ಪಿವೈ. ಎಂಟರ್. ಮೂರು ಸಲ ಓಡಿಸಿದೆ. ಮೂರು ಸಲಾನೂ ಅದೇ ಹೊಂದದ ಪಟ್ಟಿ ಬಂತು."

"ಯಾವ ಪೈಥಾನ್?"

"ಅಂದ್ರೆ?"

"ಎರಡಾ, ಮೂರಾ?"

ಅನಿಲ್ ಫೈಲನ್ನು ಮೇಜಿನ ಮೇಲಿಟ್ಟ. "ಮಿಷನಲ್ಲಿ ಇದ್ದದ್ದು. ಮೂರು. ಈಗ ಎರಡು ಯಾರು ಇಟ್ಕೊಂಡಿದ್ದಾರೆ?"

"ಇವರು." ದ್ರಾಕ್ಷಾಯಿಣಿ ಗಾಲಿಕುರ್ಚಿಯ ಕಡೆ ಕೈ ತೋರಿದಳು. "ಎರರ್ ಏನಾದ್ರೂ ಬಂತಾ?"

"ಇಲ್ಲ. ಚೊಕ್ಕವಾಗಿ ಓಡ್ತು."

"ಅದೇ ತೊಂದ್ರೆ ಆಗಿದ್ದು. ಎರರ್ ಬಂದಿದ್ರೆ ನೀನೂ ಬಚಾವ್, ನಾನೂ ಬಚಾವ್. ನಾನೂ ಅದನ್ನೇ ಟೈಪ್ ಮಾಡಿದ್ದೆ, ಒಂಬತ್ತು ದಿನ."

"ಆದ್ರೆ ಸೀಡ್, ಅಂದ್ರೆ ಶುರುವಿನ ನಂಬರು, ಫಿಕ್ಸ್ ಆಗಿದೆ. ಶ್ರೀನಿಧಿ ಹುಟ್ಟಿದ ತಾರೀಖು. ಸೀಡ್ ಒಂದೇ ಆದ್ರೆ ಪಟ್ಟೀನೂ ಒಂದೇ. ಅದು ಮೊದಲನೇ ಪಾಠ, ಸರ್ ಅವರೇ ನನಗೆ ಕಲಿಸಿದ್ದು."

"ಒಂದೇ ವರ್ಷನ್ ಆದ್ರೆ."

ಲೀಲಾವತಿ ಇಬ್ಬರ ಮುಖವನ್ನೂ ನೋಡಿದಳು. "ನನಗೆ ಅರ್ಥ ಆಗೋ ಹಾಗೆ ಹೇಳ್ತೀರಾ?"

"ಡಾಕ್ಟ್ರೇ, ಒಂದು ಕಟ್ಟು ಇಸ್ಪೀಟು ಎಲೆ ಅಂದ್ಕೊಳ್ಳಿ. ಅದೇ ಕಟ್ಟು, ಅದೇ ಮೇಲಿನ ಎಲೆ. ಆದ್ರೆ ಕಲೆಸೋ ಕೈ ಬೇರೆ. ಪೈಥಾನ್ ಎರಡು ಕಲೆಸೋ ರೀತಿ ಒಂದು, ಮೂರು ಕಲೆಸೋ ರೀತಿ ಇನ್ನೊಂದು. ಇವರು ಹಳೇ ಕೈಯಲ್ಲಿ ಕಲೆಸಿದ್ರು. ನಾವೆಲ್ಲ ಹೊಸ ಕೈಯಲ್ಲಿ ಕಲೆಸಿ, ಎಲೆ ಹೊಂದಲ್ಲ, ಇವರು ಮೋಸಗಾರರು ಅಂದ್ವಿ."

ಅನಿಲನ ಕಿವಿ ಕೆಂಪಾಯಿತು.

"ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ," ಎಂದಳು ದ್ರಾಕ್ಷಾಯಿಣಿ. "ಸರ್ ಹೆಸರು ತೆಗೆದ್ರೆ ಪ್ರಬಂಧದಲ್ಲಿ ಮೊದಲನೇ ಹೆಸರು ಯಾರ್ದು?"

"ನಂದು."

"ಅದಕ್ಕೇನಾ ವರ್ಷನ್ ನೋಡ್ದೇ ಇದ್ದದ್ದು?"

ಅನಿಲ್ ಎದ್ದು ನಿಂತ. "ಡನ್‌ಡಾಕ್‌ನಲ್ಲಿ ಮಾಸ್ಟರ್ಸ್ ಮುಗಿಸಿ ಎಂಟು ತಿಂಗಳು ಕೆಲಸ ಇಲ್ದೆ ಅಲೆದೆ ಅಕ್ಕಾ. ಕೆಲಸ ಕೊಟ್ಟೋರು ಇವರು. ಪ್ರತಿ ಶನಿವಾರ ಕರೆದು ಅನ್ನ ಹಾಕಿದ್ದು ಲೀಲಾ ಮೇಡಂ. ದೂರು ಬರೆದ ದಿನ ನನಗೆ ಅನ್ನ ಗಂಟಲಲ್ಲಿ ಇಳೀಲಿಲ್ಲ. ಆದ್ರೆ ಅರವತ್ತನಾಲ್ಕು ಜನ ವಯಸ್ಸಾದೋರು ನಮ್ಮನ್ನ ನಂಬಿ ಸೈನ್ ಹಾಕಿದ್ರು. ಪಟ್ಟಿ ಹೊಂದಲ್ಲ ಅಂತ ಕಣ್ಣಾರೆ ಕಂಡ ಮೇಲೆ ಮುಚ್ಚಿಡೋಕೆ ಆಗುತ್ತಾ? ಮುಚ್ಚಿಡು ಅಂತ ಸರ್ ಹೇಳ್ತಿದ್ರಾ?"

ಹೇಮಚಂದ್ರ ಇಲ್ಲವೆಂಬಂತೆ ತಲೆಯಾಡಿಸಿದ. ಅವನ ಎಡಗೈ ಚಾಚಿ ಅನಿಲನ ಅಂಗಿಯ ತುದಿಯನ್ನು ಹಿಡಿದು, ಕೂತ್ಕೋ ಎನ್ನುವಂತೆ ಎಳೆಯಿತು.

ಅನಿಲ್ ಕೂತ. ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ದ್ರಾಕ್ಷಾಯಿಣಿಗೆ ನಾಚಿಕೆಯಾಯಿತು. ಒಂಬತ್ತು ದಿನ ಈ ಹುಡುಗನ ಮೇಲೇ ಅನುಮಾನ ಇಟ್ಟುಕೊಂಡು, ನಿನ್ನೆ ಅವನ ಮನೆಗೂ ಹೋಗಿ ಕೆದಕಿ ಬಂದಿದ್ದಳು. ಅವನು ಕಳ್ಳನಲ್ಲ. ಅವನು ಅವಳಷ್ಟೇ ಅವಸರದವನು.

"ಸಮಿತಿ ಹತ್ರ ಇರೋ ಸ್ಕ್ರಿಪ್ಟ್ ತಂದಿದ್ದೀಯಾ?" ಎಂದಳು ಮೆತ್ತಗೆ.

ಅನಿಲ್ ಪೆನ್‌ಡ್ರೈವ್ ಕೊಟ್ಟ. ದ್ರಾಕ್ಷಾಯಿಣಿ ಎರಡೂ ಕಡತಗಳನ್ನು ಹೋಲಿಸಿದಳು. ಒಂದು ಚುಕ್ಕೆಯೂ ಬೇರೆಯಿರಲಿಲ್ಲ. ಕೊನೆಯ ಸಲ ತಿದ್ದಿದ ತಾರೀಖು ನಾಲ್ಕು ವರ್ಷ ಹಿಂದಿನದು. ಯಾರೂ ಮುಟ್ಟಿರಲಿಲ್ಲ.

"ನೀನೇ ಓಡ್ಸು. ಆದ್ರೆ ಅವರ ರೀತೀಲಿ."

ಅನಿಲ್ ಬೋಳು ಕೀಲಿಯನ್ನು ಒತ್ತುತ್ತ ಹೋಗಿ ಆ ಸಾಲಿಗೆ ಬಂದು ನಿಂತ. ಎಂಟರ್ ಒತ್ತುವ ಮೊದಲು ಒಮ್ಮೆ ಹೇಮಚಂದ್ರನ ಮುಖ ನೋಡಿದ. ಒತ್ತಿದ. ಅರವತ್ತನಾಲ್ಕು ಸಾಲು ಸರಸರನೆ ಇಳಿದವು.

"ನಾನು ಓದ್ತೀನಿ. ಮೇಡಂ, ನೀವು ಪಟ್ಟಿ ನೋಡಿ," ಎಂದ.

ಲೀಲಾವತಿ ಮುದ್ರಿತ ಹಾಳೆಯನ್ನು ಮುಂದೆ ಹರವಿಕೊಂಡು ಪೆನ್ನು ಹಿಡಿದಳು.

"ಒಂದು, ಭೇಟಿ."

"ಸರಿ."

"ಎರಡು, ಕರಪತ್ರ."

"ಸರಿ."

"ಮೂರು, ಕರಪತ್ರ."

"ಸರಿ!"

ಹತ್ತರ ಹೊತ್ತಿಗೆ ಅವಳ ದನಿ ಗಟ್ಟಿಯಾಗಿತ್ತು. ಹದಿನೈದರ ಹೊತ್ತಿಗೆ ಶ್ರೀನಿಧಿಯೂ ಸೇರಿಕೊಂಡು, ಸರಿ ಎಂದು ಕನ್ನಡದಲ್ಲೇ ಕೂಗತೊಡಗಿದಳು. ದ್ರಾಕ್ಷಾಯಿಣಿ ಗಡಿಯಾರ ನೋಡಿದಳು. ಒಂದೂ ಇಪ್ಪತ್ತೈದು. ಸಮಿತಿಗೆ ಧಾರಾಳ ಹೊತ್ತಿದೆ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿ ಇನ್ನೊಂದು ತುಂಡು ಬ್ರೆಡ್ಡಿಗೆ ಕೈ ಹಾಕಿದಳು.

"ಹದಿನಾರು, ಭೇಟಿ."

"ಸರಿ."

"ಹದಿನೇಳು, ಕರಪತ್ರ."

ಲೀಲಾವತಿಯ ಪೆನ್ನು ಹಾಳೆಯ ಮೇಲೆ ನಿಂತಿತು.

"ಮೇಡಂ, ಹದಿನೇಳು, ಕರಪತ್ರ."

"ಇಲ್ಲಿ ಭೇಟಿ ಅಂತಿದೆ," ಎಂದಳು ಲೀಲಾವತಿ. ದನಿ ಇಳಿದುಹೋಗಿತ್ತು.

ಅನಿಲ್ ದ್ರಾಕ್ಷಾಯಿಣಿಯ ಕಡೆ ನೋಡಿದ. "ಮುಂದೆ ಹೋಗೋಣ," ಎಂದಳು ದ್ರಾಕ್ಷಾಯಿಣಿ. ಬ್ರೆಡ್ ಅವಳ ಕೈಯಲ್ಲೇ ಉಳಿಯಿತು.

ಹದಿನೆಂಟರಿಂದ ಮತ್ತೆ ಎಲ್ಲವೂ ಸರಿ. ಮೂವತ್ತೊಂಬತ್ತರ ತನಕ ಸರಿ. ನಲವತ್ತರಲ್ಲಿ ಪರದೆ ಭೇಟಿ ಎಂದಿತು, ಹಾಳೆ ಕರಪತ್ರ ಎಂದಿತು. ಅಲ್ಲಿಂದ ಅರವತ್ತನಾಲ್ಕರವರೆಗೆ ಒಂದೂ ತಪ್ಪಲಿಲ್ಲ.

ಮೂವತ್ತು ಹೋಗಿ ಎರಡಕ್ಕಿಳಿದಿತ್ತು. ಆದರೆ ಆ ಎರಡು ಯಾವ ಪೈಥಾನ್ ಮಾಡಿದ್ದೂ ಅಲ್ಲ. ಕಣ್ತಪ್ಪಿ ಆಗಿದ್ದರೆ ಒಂದೇ ಸಾಲು ಕೆಡುತ್ತಿತ್ತು. ಇಲ್ಲಿ ಒಬ್ಬರಿಂದ ಭೇಟಿಯನ್ನು ತೆಗೆದು ಇನ್ನೊಬ್ಬರಿಗೆ ಕೊಟ್ಟು, ಮೊತ್ತ ಸರಿಯಾಗಿ ಉಳಿಯುವಂತೆ ನೋಡಿಕೊಂಡಿದ್ದರು. ಯಂತ್ರಕ್ಕೆ ಇಷ್ಟು ಎಚ್ಚರಿಕೆ ಇರುವುದಿಲ್ಲ. ಮನುಷ್ಯರಿಗೆ ಇರುತ್ತದೆ.

"ಹದಿನೇಳು ಯಾರು?" ಎಂದಳು ದ್ರಾಕ್ಷಾಯಿಣಿ.

ಅನಿಲ್ ಫೈಲಿನ ಹಿಂದಿನ ಹಾಳೆ ತಿರುವಿದ. ಒಂದು ಕ್ಷಣ ಮೇಜಿನ ಮೇಲಿನ ಚೌಕಳಿ ಬಟ್ಟೆಯನ್ನು ನೋಡಿದ.

"ಬ್ರೀಡಾ."

"ನಲವತ್ತು?"

"ಕ್ರಿಸ್ಟಿ ಅಂತ. ಒಬ್ಬರೇ ಇರೋರು. ಹೋದ ಚಳಿಗಾಲದಲ್ಲಿ ಮತ್ತೆ ಬಿದ್ರು. ಸೊಂಟ ಮುರೀತು. ಈಗ ನರ್ಸಿಂಗ್ ಹೋಮಲ್ಲಿದ್ದಾರೆ."

ಬ್ರೀಡಾ ಈಗ ಕೋಲಿಲ್ಲದೆ ಅಂಗಡಿಗೆ ನಡೆದುಹೋಗುತ್ತಾಳೆ.

ದ್ರಾಕ್ಷಾಯಿಣಿಯ ಮನಸ್ಸು ಆ ಭಾನುವಾರದ ಊಟದ ಮೇಜಿಗೆ ಹೋಯಿತು. ಸ್ಕ್ರಿಪ್ಟಿನಲ್ಲಿ ದೋಷವಿಲ್ಲ. ಪರದೆಯ ಮೇಲೆ ಬಂದದ್ದರಲ್ಲಿ ದೋಷವಿಲ್ಲ. ದೋಷ ಇದ್ದರೆ ಪರದೆಗೂ ಹಾಳೆಗೂ ನಡುವೆ. ಆ ನಡುವೆ ಇದ್ದವರು ಇಬ್ಬರೇ. ಓದಿದವನು ಒಬ್ಬ. ಟೈಪ್ ಮಾಡಿದವಳು ಒಬ್ಬಳು.

ಅವಳು ಇನ್ನೂ ಅದನ್ನು ಹೇಗೆ ಕೇಳಲಿ ಎಂದು ಮಾತು ಹುಡುಕುತ್ತಿರುವಾಗಲೇ ಲೀಲಾವತಿ ಪೆನ್ನನ್ನು ಕೆಳಗಿಟ್ಟಳು.

"ನಾನು ಮಾಡಿದ್ದು," ಎಂದಳು.

"ಮೇಡಂ..." ಎಂದ ಅನಿಲ್.

"ಹೇಮು ಸರಿಯಾಗೇ ಓದಿದ್ರು. ಬ್ರೀಡಾ, ಕರಪತ್ರ ಅಂತ. ನಾನು ಭೇಟಿ ಅಂತ ಟೈಪ್ ಮಾಡಿದೆ. ನಲವತ್ತು ಬಂದಾಗ ಅದನ್ನ ಕರಪತ್ರ ಮಾಡಿದೆ. ಆ ಕ್ರಿಸ್ಟಿ ಯಾರು ಅಂತಾನೂ ನನಗೆ ಗೊತ್ತಿರ್ಲಿಲ್ಲ. ಬ್ರೀಡಾ ಆಗ ಮೆಟ್ಟಿಲು ಹತ್ತೋಕೆ ಆಗದೆ ಸೋಫಾ ಮೇಲೆ ಮಲಗ್ತಿದ್ರು. ನನ್ನ ಮಗೂನ ಸಾಕಿದ ಹೆಂಗಸು. ಅದನ್ನ ನೋಡೋಕೆ ನನ್ನಿಂದ ಆಗ್ಲಿಲ್ಲ." ಅವಳು ಬೆನ್ನು ನೇರ ಮಾಡಿಕೊಂಡಳು. "ಸಮಿತಿಗೆ ಹಾಗೇ ಹೇಳಿ. ಇವರಿಗೆ ಗೊತ್ತೇ ಇರ್ಲಿಲ್ಲ ಅಂತ ಹೇಳಿ. ನನ್ನ ಕೆಲಸ ಹೋದ್ರೆ ಹೋಗ್ಲಿ."

"ಅಲ್ಲ."

ಯಾರು ಹೇಳಿದ್ದು ಎಂದು ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ದನಿ ಒರಟಾಗಿತ್ತು, ಬಹಳ ದಿನ ಮುಚ್ಚಿದ್ದ ಬಾಗಿಲು ತೆರೆದ ಹಾಗೆ.

ಶ್ರೀನಿಧಿಯ ಕೈಯಿಂದ ನೀರಿನ ಲೋಟ ಜಾರಿತು. "ಅಪ್ಪಾ? ಅಮ್ಮಾ, ಹೀ ಸೆಡ್ ಸಮ್‌ಥಿಂಗ್! ಅಪ್ಪ ಮಾತಾಡಿದ್ರು!"

ಲೀಲಾವತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಏಳು ವಾರ ಪ್ರತಿ ಸಂಜೆ ಆ ಒಂದು ಪದಕ್ಕಾಗಿ ಕಾದಿದ್ದಳು. ಸಂತೋಷಕ್ಕೋ ಭಯಕ್ಕೋ ಕಣ್ಣೀರು ದಳದಳನೆ ಇಳಿಯಿತು.

ಹೇಮಚಂದ್ರ ಅವಳನ್ನೇ ನೋಡುತ್ತಿದ್ದ. ತುಟಿ ಇನ್ನೊಮ್ಮೆ ಹೆಣಗಾಡಿತು. "ಅ...ಲ್ಲ." ಆಮೇಲೆ ಅವನ ಎಡಗೈ ಹಲಗೆಯಿಂದ ಮೇಲೆದ್ದು, ಗಾಳಿಯಲ್ಲಿ ಸ್ವಲ್ಪ ತೂಗಾಡಿ, ತನ್ನದೇ ಎದೆಯ ಮೇಲೆ ಬಂದು ಕೂತಿತು.

"ಬೇಡ ಹೇಮು," ಎಂದಳು ಲೀಲಾವತಿ. "ಬೇಡ. ಸುಳ್ಳು ಹೇಳ್ಬೇಡಿ."

ಅವಳು ಆ ಕೈಯನ್ನು ಎದೆಯಿಂದ ತೆಗೆಯಲು ನೋಡಿದಳು. ಕೈ ಕದಲಲಿಲ್ಲ. ಏಳು ವಾರದಲ್ಲಿ ಅದರಲ್ಲಿ ಇಷ್ಟು ಬಲವನ್ನು ಅವಳು ಕಂಡಿರಲಿಲ್ಲ.

ದ್ರಾಕ್ಷಾಯಿಣಿ ಇಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದಳು. ಹದಿನಾರು ವರ್ಷದಲ್ಲಿ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವವರನ್ನು ಬೇಕಾದಷ್ಟು ಕಂಡಿದ್ದಳು. ಒಂದೇ ತಪ್ಪಿಗೆ ಇಬ್ಬರು ಕಿತ್ತಾಡುವುದನ್ನು ಕಂಡಿರಲಿಲ್ಲ. ಇಬ್ಬರಲ್ಲಿ ಒಬ್ಬರು ನಿಜ ಹೇಳುತ್ತಿದ್ದಾರೆ. ಇನ್ನೊಬ್ಬರು ಪ್ರೀತಿಗಾಗಿ ಸುಳ್ಳು ಹೇಳುತ್ತಿದ್ದಾರೆ. ಆ ಭಾನುವಾರದ ಮಾತುಗಳನ್ನು ಮರಳಿ ಕರೆಯಲು ಯಾವ ಬಾಣದ ಕೀಲಿಯೂ ಇಲ್ಲ.

ಅನಿಲ್ ಹಾಳೆಯನ್ನು ಮಡಚಿ ಫೈಲಿಗೆ ಸೇರಿಸಿದ.

"ಅಕ್ಕಾ, ಸಮಿತಿಯವರು ಮೊದಲು ಕರೆಯೋದು ನನ್ನನ್ನೇ. ಮೂವತ್ತರಲ್ಲಿ ಇಪ್ಪತ್ತೆಂಟು ಸರಿಯಾಯ್ತು ಅಂತೀನಿ. ಉಳಿದ ಎರಡು ಯಾರು ಮಾಡಿದ್ದು ಅಂತ ಕೇಳ್ತಾರೆ. ಏನು ಹೇಳ್ಲಿ?"

ದ್ರಾಕ್ಷಾಯಿಣಿ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದಳು. ಅಮ್ಮ ಅಪ್ಪ ಇಬ್ಬರ ಕೈಯ ಮೇಲೂ ಶ್ರೀನಿಧಿ ತನ್ನ ಕೈಯಿಟ್ಟು, ಅಪ್ಪನ ಬಾಯನ್ನೇ ನೋಡುತ್ತಿದ್ದಳು, ಇನ್ನೊಂದು ಮಾತು ಬರಲಿ ಎಂದು.